ಬಂಡೆಯೊಳಗೆ ಹೋದ ಕುದುರೆ

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ; ಗೆಳೆಯ ಸಿಂದ್ರಿ ಪಕ್ಕದಲ್ಲೇ ಕೂತಿದ್ದ. ಶನಿವಾರ ಮಧ್ಯಾಹ್ನ, ಆಕುರೇರಿ ಊರಿನ ನಮ್ಮ ಮನೆಯಲ್ಲಿ, ಇಬ್ಬರೂ ಟಿವಿಯಲ್ಲಿ ನಮ್ಮ ಪ್ರೀತಿಯ ವಿಡಿಯೊ ಗೇಮ್ ಆಡುತ್ತಿದ್ದೆವು. ಎಷ್ಟು ದೂರ ಬೇಕಾದರೂ ಅಲೆಯಬಹುದಾದ ಲೋಕ ಅದು. ಅಲ್ಲಿ ಮರಿಯಾಗಿದ್ದಾಗಿನಿಂದ ನಾನು ಪಳಗಿಸಿದ ಬೂದು ಕುದುರೆ ಹೋಗಿ ಬಂಡೆಯೊಂದರೊಳಗೆ ಸಿಕ್ಕಿಕೊಂಡಿತು. ಬಾಲವಷ್ಟೇ ಹೊರಗೆ ಕಾಣುತ್ತಿತ್ತು.

"ಒಂದೊಂದ್ ಹುಲ್ಲೂ ಗಾಳಿಗೆ ಅಲ್ಲಾಡೋ ಹಾಗೆ ಮಾಡಿದಾರೆ, ಕುದುರೆಗೆ ಬುದ್ಧಿ ಇಡೋಕೆ ಮರ್ತಿದಾರೆ," ಎಂದ ಸಿಂದ್ರಿ. "ಹಳೇ ಸೇವ್‌ಗೆ ಹೋಗಿ ಅಲ್ಲಿಂದ ಮತ್ತೆ ಆಡು ಮಾರಾಯ್ತಿ."

"ಇರೋದು ಒಂದೇ ಹಳೇ ಸೇವ್. ಅದ್ರಲ್ಲಿ ಈ ಕುದುರೆನೇ ಇಲ್ಲ ಕಣೋ."

"ಹಾಗಾದ್ರೆ ನಿಮ್ಮಜ್ಜಿ ಹೇಳ್ತಿದ್ರಲ್ಲ, ಬಂಡೆಯೊಳಗಿನೋರನ್ನ ಕೇಳು."

ಬಂಡೆಗಳೊಳಗೆ ಕಣ್ಣಿಗೆ ಕಾಣದ ಜನ ವಾಸಿಸುತ್ತಾರೆ, ಅವರಿಂದ ಏನನ್ನೂ ಕಸಿಯಬಾರದು, ಕೇಳಿ ಪಡೆಯಬೇಕು ಎನ್ನುತ್ತಿದ್ದಳು ಅಜ್ಜಿ. ಅವನು ಗೇಲಿಗೆ ಅಂದದ್ದು. ನಾನು ನಿಜವಾಗಿಯೇ ಕೇಳಿದೆ.

"ಕಳಿಸಿಕೊಡಿ. ಅದಿಲ್ದೆ ನಂಗೆ ಆಡೋಕೆ ಮನಸ್ಸು ಬರಲ್ಲ."

ಕೋಣೆ ತಣ್ಣಗಾಯಿತು. ಸಿಂದ್ರಿ ಹೀಟರ್ ಮುಟ್ಟಿ ನೋಡಿದ, ಸುಡುತ್ತಿತ್ತು. ಒದ್ದೆ ಕುದುರೆಯ ವಾಸನೆ ಬಂತು. ಗೊರಸಿನ ಸದ್ದು ಟಿವಿಯಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ ಕೇಳಿಸಿತು. ಪರದೆಯ ಮೇಲೆ ಕುದುರೆ, ಯಾರೋ ಮೆಲ್ಲಗೆ ತಳ್ಳಿಕೊಟ್ಟ ಹಾಗೆ, ಹಿಂದೆ ಹಿಂದೆ ಸರಿದು ಹೊರಬಂತು.

"ಜಡೆ ಯಾವಾಗ ಹಾಕ್ದೆ ಅದಕ್ಕೆ?" ಎಂದ ಸಿಂದ್ರಿ. ಅವನ ದನಿಯಲ್ಲಿ ನಗುವಿರಲಿಲ್ಲ.

ಕುದುರೆಯ ಕುತ್ತಿಗೆಯ ಕೂದಲಲ್ಲಿ ಮೂರೆಳೆಯ ಪುಟ್ಟ ಜಡೆಯಿತ್ತು, ಅಕ್ಕರೆಯಿಂದ ಹೆಣೆದದ್ದು. ನಾವು ಗೇಮನ್ನೆಲ್ಲ ಜಾಲಾಡಿದೆವು. ಅದರಲ್ಲಿ ಕುದುರೆಗೆ ಜಡೆ ಹಾಕಲು ಬರುವುದೇ ಇಲ್ಲ.