ಎರಡನೇ ಗಡಿಗೆ ಮುಂಚೆ

ಬೆಳಿಗ್ಗೆ ಹಲ್ಲುಜ್ಜಲು ಕೆಳಗಿಳಿದ ದೊಡ್ಡಪ್ಪ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಮೇಲೆ ಓಡಿ ಬಂದರು. ಲಾಡ್ಜಿನ ಅಂಗಳದಲ್ಲಿ ಕಾರು ಇರಲಿಲ್ಲ.

ದೊಡ್ಡಪ್ಪ, ಅಪ್ಪ, ನಾನು ಮೂವರೂ ಇಳಿದು ನೋಡಿದೆವು. ಕಾರು ನಿಂತಿದ್ದಲ್ಲಿ ಎಣ್ಣೆಯ ಕಲೆ. ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲು ಗೋಡೆಯ ಬದಿಯಲ್ಲಿತ್ತು. ಗೇಟು ಅರೆ ತೆರೆದಿತ್ತು.

ದೊಡ್ಡಪ್ಪ ಜೇಬು ಮುಟ್ಟಿ ನೋಡಿಕೊಂಡರು. ಕರವಸ್ತ್ರದ ಗಂಟು ಅಲ್ಲೇ ಇತ್ತು. ಗಂಟಿನೊಳಗೆ ರೋಟರ್. ಅದು ಹೆಬ್ಬೆರಳಿನಷ್ಟು ದಪ್ಪದ ಒಂದು ಬಿಡಿಭಾಗ. ಅದಿಲ್ಲದೆ ಎಂಜಿನ್ನಿಗೆ ಕಿಡಿ ಹೋಗುವುದಿಲ್ಲ, ಕಾರು ಶುರುವಾಗುವುದಿಲ್ಲ. ನಮ್ಮ ಕಾರಿನ ಬಾಗಿಲಿಗೆ ಬೀಗ ಹಿಡಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸಂಜೆ ದೊಡ್ಡಪ್ಪ ಬಾನೆಟ್ ಎತ್ತಿ ರೋಟರ್ ಬಿಚ್ಚಿ ಜೇಬಿಗಿಳಿಸುತ್ತಿದ್ದರು. ತಾತನೂ ಹಾಗೇ ಮಾಡುತ್ತಿದ್ದರಂತೆ. ಕಾರು ನನ್ನ ಜೇಬಿನಲ್ಲಿ ಮಲಗುತ್ತದೆ ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ತಾತ ದೂರದ ಒಂದು ಬಂದರಿನಲ್ಲಿ ದುಡಿದು, ಅದೇ ಕಾರಿನಲ್ಲಿ ಗಡಿಗಳನ್ನು ದಾಟಿ ಮನೆಗೆ ಬಂದಿದ್ದರು. ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಆ ಬಂದರನ್ನು ನೋಡಬೇಕೆಂಬುದು ನಿವೃತ್ತ ಮೇಷ್ಟ್ರಾದ ದೊಡ್ಡಪ್ಪನ ಆಸೆ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಅಪ್ಪನಿಗೆ ಅದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಅಡುಗೆಗೆ ಬಂದವಳು. ಸ್ಕೂಲು ಬಿಟ್ಟು ಮನೆಯಲ್ಲೇ ಕೂತವಳು, ಹೋದರೆ ಯಾರಿಗೇನು ನಷ್ಟ ಎಂದು ಅಮ್ಮ ಕಳಿಸಿದ್ದಳು.

ಮೊದಲ ಗಡಿ ದಾಟಿ ಆಗಿತ್ತು. ಎರಡನೆಯದು ಈ ಊರಿನ ಆಚೆಗೇ. ಅಲ್ಲಿಂದ ಮುಂದೆ ಪರ್ವತದ ದಾರಿ.

ದೊಡ್ಡಪ್ಪ ಪೊಲೀಸ್ ಠಾಣೆಗೆ ಹೊರಟರು. ನಾನು ಹಾಸಿಗೆ ಮಡಿಸಲು ಮೇಲೆ ಹೋದೆ. ಅಪ್ಪನ ಹಾಸಿಗೆಯ ತಲೆಯ ಕಡೆ ಸುತ್ತಿದ ಟವೆಲ್ಲಿತ್ತು.

* * *

ಇನ್ಸ್‌ಪೆಕ್ಟರ್ ಹೆಂಗಸು. ಹೆಚ್ಚು ಮಾತಿಲ್ಲ. ಅಂಗಳವನ್ನು ಒಂದು ಸುತ್ತು ಹಾಕಿ ಲಾಡ್ಜಿನ ಯಜಮಾನಿಯನ್ನು ಕರೆದರು. ಆಕೆ ಮಲಗುವುದು ಗೇಟಿನ ಪಕ್ಕದ ಕೋಣೆಯಲ್ಲಿ. ಏನೂ ಕೇಳಿಸಲಿಲ್ಲ ಎಂದಳು. ನಮ್ಮ ಕಾರಿನ ಸೈಲೆನ್ಸರ್ ತೂತಾಗಿತ್ತು. ಹಿಂದಿನ ಸಂಜೆ ನಾವು ಒಳಗೆ ಬಂದಾಗ ಅವಳ ಅಡುಗೆಮನೆಯ ಪಾತ್ರೆಗಳೆಲ್ಲ ಕುಣಿದಿದ್ದವಂತೆ. ಹೆಣವೂ ಎದ್ದು ಕೂರುವ ಸದ್ದು, ನಾನು ಏಳದೆ ಇರ್ತೀನಾ ಎಂದು ಕೇಳಿದಳು.

ಹಾಗಾದರೆ ಎಂಜಿನ್ ಶುರುಮಾಡದೆ ಕಾರನ್ನು ತಳ್ಳಿಕೊಂಡು ಹೋಗಿದ್ದಾರೆ. ದೂರ ಹೋದ ಮೇಲೆ ಬೇರೆ ರೋಟರ್ ಹಾಕಿ ಓಡಿಸಿದ್ದಾರೆ. ಇನ್ಸ್‌ಪೆಕ್ಟರ್ ಲೆಕ್ಕಾಚಾರ ಅದು. ಗಡಿಯ ಗೇಟಿಗೂ ಊರಾಚೆಯ ದಾರಿಗಳಿಗೂ ಫೋನ್ ಹೋಯಿತು.

"ಇಷ್ಟು ಹಳೇ ಗಾಡಿಯ ರೋಟರ್ ಈ ಊರಲ್ಲಿ ಯಾರ ಹತ್ರ ಇರುತ್ತೆ?" ಎಂದು ಕೇಳಿದರು.

ದೊಡ್ಡಪ್ಪ ತಕ್ಷಣ ಮೆಕ್ಯಾನಿಕ್ಕನ ಹೆಸರೆತ್ತಿದರು.

ಹಿಂದಿನ ಮಧ್ಯಾಹ್ನ ಅವನೇ ನಮ್ಮ ಕಾರ್ಬುರೇಟರ್ ಬಿಚ್ಚಿ ತೊಳೆದು ಕೊಟ್ಟಿದ್ದ. ಚಿನ್ನದಂಥ ಕೈ ಎಂದು ದೊಡ್ಡಪ್ಪ ಅವನ ಬೆನ್ನು ತಟ್ಟಿದ್ದರು. ಕೆಲಸ ಮುಗಿದ ಮೇಲೂ ಅವನು ಬಾನೆಟ್ ಸವರುತ್ತಾ ನಿಂತಿದ್ದ. ಇದೇ ಮಾದರಿಯ ಒಂದು ಗಾಡಿಯನ್ನು ಹಿಂದೆ ಗುಜರಿಗೆ ಬಿಚ್ಚಿದ್ದೆ ಎಂದಿದ್ದ.

ಇನ್ಸ್‌ಪೆಕ್ಟರ್ ಅಪ್ಪನ ಕಡೆ ತಿರುಗಿದರು. ಬೇರೆ ಏನಾದರೂ ಹೇಳಿದನೇ ಎಂದು ಕೇಳಿದರು.

ಅಪ್ಪ ನೆಲ ನೋಡುತ್ತಾ ಹೇಳಿದ. "ಗಾಡಿ ಕೊಡ್ತೀರಾ ಅಂತ ಕೇಳಿದ."

ಅದು ನಿಜವೇ. ನಾನೂ ಕೇಳಿಸಿಕೊಂಡಿದ್ದೆ. ಆದರೆ ಅವನು ನಗುತ್ತಾ ಕೇಳಿದ್ದ, ಅಪ್ಪನೂ ನಕ್ಕಿದ್ದ. ಆ ನಗುವನ್ನು ಅಪ್ಪ ಹೇಳಲಿಲ್ಲ.

* * *

ಗ್ಯಾರೇಜಿದ್ದುದು ಅಂಗಡಿ ಬೀದಿಯ ನಡುವೆ. ಪೊಲೀಸರು ತಗಡಿನ ಡಬ್ಬಗಳನ್ನು ಒಂದೊಂದಾಗಿ ಹೊರಗೆ ತಂದು ರಸ್ತೆಗೆ ಸುರಿದರು. ನಟ್ಟು, ಬೋಲ್ಟು, ವಾಷರ್ ಉರುಳಿ ಚರಂಡಿಯವರೆಗೆ ಹೋದವು. ಕ್ಷೌರದಂಗಡಿಯವನು ಕತ್ತರಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದ. ಟೀ ಅಂಗಡಿಯ ಬೆಂಚಿನವರು ಎದ್ದು ನಿಂತರು.

ಕೊನೆಯ ಡಬ್ಬದಲ್ಲಿ ಒಂದು ರೋಟರ್ ಸಿಕ್ಕಿತು. ನಮ್ಮದರಂಥದ್ದೇ.

"ಬಿಚ್ಚಿದ ಗಾಡೀದು ಮೇಡಂ. ಸೀಳು ಬಿಟ್ಟಿದೆ, ಕೆಲಸಕ್ಕೆ ಬರಲ್ಲ" ಎಂದ ಮೆಕ್ಯಾನಿಕ್.

ದೊಡ್ಡಪ್ಪ ಮುಂದೆ ನುಗ್ಗಿದರು. ನಿನ್ನೆ ಬೆನ್ನು ತಟ್ಟಿದ ಕೈಯಿಂದಲೇ ಅವನ ಎದೆಗೆ ಬೆರಳು ಚುಚ್ಚಿ ಕಳ್ಳ ಎಂದರು. ಒಂದು ಇಟ್ಟವನು ಇನ್ನೊಂದನ್ನು ಕಾರಿಗೆ ಹಾಕಿದ್ದಾನೆ, ನಂಬಿಕೆ ದ್ರೋಹಿ ಎಂದರು. ಮೇಷ್ಟ್ರಾಗಿದ್ದವರು, ಅವರ ದನಿ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಪೊಲೀಸರು ಮೆಕ್ಯಾನಿಕ್ಕನನ್ನು ಜೀಪಿಗೆ ಹತ್ತಿಸಿದರು.

ಅವನ ಹೆಂಡತಿ ಇನ್ಸ್‌ಪೆಕ್ಟರ್ ಹಿಂದೆ ಓಡಿದಳು. ಗಡಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ರಿಪೇರಿ ಮಾಡಲು ಅವನಿಗೆ ಒಂದು ಪಾಸು ಇದೆಯಂತೆ. ಅವರ ಸಂಸಾರ ನಡೆಯುವುದೇ ಅದರಿಂದ. ಪೊಲೀಸ್ ಕೇಸು ಬಿದ್ದರೆ ಪಾಸು ಹೋಗುತ್ತದೆ, ಮತ್ತೆ ಕೊಡುವುದಿಲ್ಲ. ಸಂಜೆಯೊಳಗೆ ಕಾರು ಸಿಗದಿದ್ದರೆ ಕೇಸು ಹಾಕಲೇಬೇಕು ಎಂದು ಇನ್ಸ್‌ಪೆಕ್ಟರ್ ಹೇಳಿ ಹೋದರು.

ಅಪ್ಪ ಎಲ್ಲರ ಹಿಂದೆ ಕೈಕಟ್ಟಿ ನಿಂತಿದ್ದ. ನನ್ನ ಕಣ್ಣು ಅವನ ಮೇಲೇ ಇತ್ತು. ಬೆಳಗಿನಿಂದ ಒಂದು ಸಲವೂ ಅವನು ಕಾರು ಎಲ್ಲಿ ಹೋಯಿತು ಎಂದು ಕೇಳಿರಲಿಲ್ಲ.

* * *

ನಾನು ಒಬ್ಬಳೇ ಲಾಡ್ಜಿಗೆ ಬಂದೆ. ಅಂಗಳದ ನಡುವೆ ನಿಂತೆ.

ಅಂಗಳ ಗೇಟಿನ ಕಡೆಗೆ ಇಳಿಜಾರು. ಕಾರಿನ ಹ್ಯಾಂಡ್ ಬ್ರೇಕ್ ಸಡಿಲ, ಅದಕ್ಕೇ ಕಲ್ಲು ಇಡುತ್ತಿದ್ದುದು. ಕಲ್ಲು ತೆಗೆದರೆ ಸಾಕು, ತಳ್ಳಲು ಯಾರೂ ಬೇಡ. ಗೇಟಿನಾಚೆಯ ಓಣಿಯೂ ಇಳಿಜಾರೇ.

ಕಲ್ಲನ್ನು ಮತ್ತೆ ನೋಡಿದೆ. ಅವಸರದಲ್ಲಿರುವ ಕಳ್ಳ ಕಲ್ಲನ್ನು ಕಾಲಿನಿಂದ ಒದ್ದು ಹೋಗುತ್ತಾನೆ. ಇದನ್ನು ಎತ್ತಿ, ನಡೆಯುವವರ ಕಾಲಿಗೆ ತಾಗದ ಹಾಗೆ ಗೋಡೆಗೆ ಒತ್ತಿ ಇಟ್ಟಿದ್ದರು. ಒಮ್ಮೆ ದೊಡ್ಡಪ್ಪ ಎಡವಿ ರಂಪ ಮಾಡಿದ್ದರು. ಅಂದಿನಿಂದ ಪ್ರತಿ ಬೆಳಿಗ್ಗೆ ಕಲ್ಲನ್ನು ಹಾಗೆ ಇಡುವವನು ಒಬ್ಬನೇ.

ಓಣಿ ಹಿಡಿದು ಇಳಿದೆ. ಅದು ಕೊನೆಯಾಗುವುದು ಮುಚ್ಚಿಹೋದ ಒಂದು ಮರದ ಮಿಲ್ಲಿನ ಮುಂದೆ. ಶೆಡ್ಡಿಗೆ ಬಾಗಿಲಿರಲಿಲ್ಲ. ನೆಲದ ಮೇಲಿನ ಹಳೆಯ ಮರದ ಹೊಟ್ಟಿನಲ್ಲಿ ಚಕ್ರದ ಗುರುತು ಒಳಗೆ ಹೋಗಿತ್ತು. ಹಲಗೆ ರಾಶಿಯ ಹಿಂದೆ ನಮ್ಮ ಕಾರು ನಿಂತಿತ್ತು. ಊರಾಚೆಯೆಲ್ಲ ಹುಡುಕುತ್ತಿದ್ದರು. ಪಕ್ಕದಲ್ಲಿ ಯಾರೂ ನೋಡಿರಲಿಲ್ಲ.

ಕಾರು ಬೇಕಾದವನು ಅದನ್ನು ಇಲ್ಲಿ ತಂದು ಬಿಡುವುದಿಲ್ಲ. ಇಲ್ಲಿಂದ ಮೇಲೆ ಹತ್ತಿಸಲು ಎಂಜಿನ್ ಬೇಕು. ಇದು ಕಾರು ಮುಂದೆ ಹೋಗುವುದು ಬೇಡವಾದವನ ಕೆಲಸ.

ಡ್ರೈವರ್ ಸೀಟಿನ ಮೇಲೆ ದಿಂಬು ಇತ್ತು.

ಅಪ್ಪ ಕುಳ್ಳ. ಆ ಸೀಟಿನಲ್ಲಿ ಹಾಗೇ ಕೂತರೆ ಸ್ಟೇರಿಂಗಿನ ಮೇಲಿಂದ ದಾರಿ ಕಾಣುವುದಿಲ್ಲ. ಅದಕ್ಕೇ ಅಮ್ಮ ಹೊಲಿದುಕೊಟ್ಟ ಆ ದಪ್ಪ ದಿಂಬು. ಡ್ರೈವರ್ ಸಾಹೇಬರ ಸಿಂಹಾಸನ ಎಂದು ದೊಡ್ಡಪ್ಪ ಗೇಲಿ ಮಾಡುತ್ತಿದ್ದರು. ಹಗಲು ಅದು ಕೂರಲು, ರಾತ್ರಿ ತಲೆಗೆ. ಹಿಂದಿನ ರಾತ್ರಿ ಅಪ್ಪನ ಹಾಸಿಗೆ ಹಾಸಿ, ನನ್ನ ಕೈಯಾರೆ ಅದನ್ನು ತಲೆಯ ಕಡೆ ಇಟ್ಟಿದ್ದೆ. ಬೆಳಿಗ್ಗೆ ಅದರ ಜಾಗದಲ್ಲಿ ಟವೆಲ್ ಇತ್ತು.

ಅಲ್ಲಿ ಯಾರೂ ಇರಲಿಲ್ಲ. ಆದರೂ ಸೆರಗಿನಿಂದ ಮುಖ ಮುಚ್ಚಿಕೊಂಡೆ.

* * *

ಅಪ್ಪ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಆಚೆ ತುದಿಯಲ್ಲಿ ಮೆಕ್ಯಾನಿಕ್ಕನ ಹೆಂಡತಿ. ನಾನು ಅವನ ಪಕ್ಕ ಕೂತು ಮೆಲ್ಲಗೆ ಕೇಳಿದೆ.

"ಅಪ್ಪ, ಎದುರಿನ ಬೋರ್ಡಲ್ಲಿ ಏನು ಬರೆದಿದೆ?"

ಅವನು ಬೋರ್ಡು ನೋಡಲಿಲ್ಲ. ನನ್ನನ್ನು ನೋಡಿದ.

ಹೊರಟ ದಿನದಿಂದ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬೋರ್ಡು ಓದುತ್ತಾ ಇರು, ನನಗೆ ನಿದ್ದೆ ಬರದೆ ಇರಲಿ ಎನ್ನುತ್ತಿದ್ದ. ಊರಿನ ಹೆಸರು, ತಿರುವು, ಸೇತುವೆ ಎಲ್ಲವನ್ನೂ ತೊದಲುತ್ತಾ ಓದುತ್ತಿದ್ದೆ. ನಾನು ಓದುವುದು ಅವನಿಗೆ ಇಷ್ಟ ಎಂದುಕೊಂಡಿದ್ದೆ. ಈ ಊರಿಗೆ ಬರುವಾಗ ಒಬ್ಬ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ. ನಾನು ಕೂಗಿದ ಮೇಲೇ ಅಪ್ಪ ಬ್ರೇಕ್ ಹಾಕಿದ್ದು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದಿದ್ದ. ಬಿಸಿಲು ನಮ್ಮ ಬೆನ್ನ ಹಿಂದೆ ಇತ್ತು.

"ಕಾರು ಮಿಲ್ಲಲ್ಲಿದೆ. ನೋಡ್ಕೊಂಡು ಬಂದೆ" ಎಂದೆ. "ನೀನೇ ಒಳಗೆ ಹೋಗಿ ಹೇಳು."

"ಕಾರು ಸಿಕ್ಕಿತು ಅಂತ ನೀನು ಹೇಳು. ಅವನನ್ನ ಬಿಡ್ತಾರೆ. ಅಷ್ಟು ಸಾಕು."

"ಅವನೇ ಬಚ್ಚಿಟ್ಟಿದ್ದ ಅಂತಾರೆ ಅಪ್ಪ."

ಅಪ್ಪ ಏಳಲಿಲ್ಲ. ನಾನು ಕಾದೆ. ಎದುರಿನ ಅಂಗಡಿಯವನು ನೆರಳು ಸರಿದ ಹಾಗೆ ತನ್ನ ಸ್ಟೂಲನ್ನು ಎರಡು ಸಲ ಜರುಗಿಸಿದ. ಅಪ್ಪ ಏಳಲೇ ಇಲ್ಲ. ನಾನು ಎದ್ದೆ.

* * *

ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಇನ್ಸ್‌ಪೆಕ್ಟರ್ ಮೇಜಿನ ಅಂಚನ್ನು ಹಿಡಿದುಕೊಂಡು ನಿಂತೆ. ದೊಡ್ಡಪ್ಪ ಕುರ್ಚಿಯಲ್ಲಿದ್ದರು. ಮೆಕ್ಯಾನಿಕ್ ಮೂಲೆಯಲ್ಲಿ ನೆಲದ ಮೇಲಿದ್ದ. ಅಪ್ಪ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದು ಅವನ ಚಪ್ಪಲಿ ಸದ್ದಿನಿಂದ ಗೊತ್ತಾಯಿತು.

"ಕಾರು ತಗೊಂಡು ಹೋಗಿದ್ದು ನಮ್ಮಪ್ಪ" ಎಂದೆ.

ದೊಡ್ಡಪ್ಪ ಬಾಯಿ ಮುಚ್ಚು ಎಂದು ಗದರಿದರು. ಇನ್ಸ್‌ಪೆಕ್ಟರ್ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ನನಗೆ ಮುಂದುವರಿಸು ಎಂದರು. ಇಳಿಜಾರು ಹೇಳಿದೆ. ಕಲ್ಲು ಹೇಳಿದೆ. ರಾತ್ರಿ ಮೇಲಿನ ಕೋಣೆಯಲ್ಲಿದ್ದ ದಿಂಬು ಈಗ ಕಾರಿನಲ್ಲಿರುವುದನ್ನು ಹೇಳಿದೆ. ಹೊರಗಿನ ಕಳ್ಳ ಅಪ್ಪನ ತಲೆಯಡಿಯಿಂದ ದಿಂಬು ಎಳೆದುಕೊಂಡು ಹೋಗುವುದಿಲ್ಲ. ಅದಿಲ್ಲದೆ ಆ ಸೀಟಿನಲ್ಲಿ ಕೂರಲಾಗದವನು ಅಪ್ಪ ಒಬ್ಬನೇ. ಕದಿಯುವ ಹೊತ್ತಿನಲ್ಲೂ ಅಭ್ಯಾಸಬಲದಿಂದ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಇಳಿದಿದ್ದಾನೆ. ಎಂಜಿನ್ ಬೇಕಿರಲಿಲ್ಲ, ರೋಟರೂ ಬೇಕಿರಲಿಲ್ಲ. ನಾವೆಲ್ಲ ರೋಟರ್ ಹಿಂದೆ ಬಿದ್ದು ಈ ಮೆಕ್ಯಾನಿಕ್ ಅಣ್ಣನ ಅಂಗಡಿಯನ್ನು ಬೀದಿಗೆ ಸುರಿದೆವು.

ಯಾಕೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅದನ್ನು ಮಾತ್ರ ನಾನು ಹೇಳಲಿಲ್ಲ. ತಿರುಗಿ ಅಪ್ಪನನ್ನು ನೋಡಿದೆ.

"ಕಣ್ಣು ಹೋಗ್ತಾ ಇದೆ" ಎಂದ ಅಪ್ಪ. "ದಾರಿಯ ಅಂಚು ಕಾಣಲ್ಲ. ಮುಂದೆ ಬೆಟ್ಟ. ಇವರಿಬ್ಬರನ್ನೂ ಕೆಳಗೆ ಹಾಕಿಬಿಡ್ತೀನಿ ಅನ್ನಿಸ್ತು. ಗಾಡಿ ಸಿಗದಿದ್ರೆ ಅಣ್ಣ ಬಸ್ಸು ಹತ್ತಿ ವಾಪಸು ಹೊರಡ್ತಾನೆ ಅಂದ್ಕೊಂಡೆ."

ದೊಡ್ಡಪ್ಪನ ದನಿ ಇಳಿದಿತ್ತು. "ಕಾಣಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ನೀನು ನಗ್ತಿದ್ದೆ. ನನಗೆ ಬರ್ತಿದ್ದುದು ಅದೊಂದೇ ಅಲ್ವಾ ಅಣ್ಣ."

ದೊಡ್ಡಪ್ಪ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಇನ್ಸ್‌ಪೆಕ್ಟರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ನಾನೂ ಆ ಓಣಿ ಇಳಿದು ನೋಡಬೇಕಿತ್ತು ಎಂದರು. ಪೊಲೀಸರ ದಾರಿ ತಪ್ಪಿಸಿದ್ದಕ್ಕೆ ಅಪ್ಪನನ್ನು ಒಳಗೆ ಹಾಕಬಹುದು, ಆದರೆ ಅನ್ಯಾಯವಾದದ್ದು ಇವನಿಗೆ, ಏನಾಗಬೇಕೆಂದು ಇವನೇ ಹೇಳಲಿ ಎಂದು ಮೆಕ್ಯಾನಿಕ್ಕನನ್ನು ಎಬ್ಬಿಸಿದರು. ಗಡಿಯ ಗೇಟಿಗೆ ಫೋನ್ ಮಾಡಿ ಅವನ ಪಾಸಿಗೆ ತೊಂದರೆಯಿಲ್ಲ ಎಂದು ಅವನೆದುರಿಗೇ ಹೇಳಿದರು.

ಅಪ್ಪ ಅವನ ಕೈ ಹಿಡಿಯಲು ಹೋದ. ಅವನು ಕೈ ಕೊಡಲಿಲ್ಲ.

"ನನಗೆ ಹೇಳಬೇಡಿ. ನನಗೆ ಗೊತ್ತು" ಎಂದ. "ಬೀದಿಗೆ ಹೇಳಿ."

* * *

ಅಪ್ಪ ಕ್ಷೌರದಂಗಡಿಯಿಂದ ಶುರುಮಾಡಿದ. ಅವನು ಕದ್ದಿಲ್ಲ, ಗಾಡಿ ಬಚ್ಚಿಟ್ಟವನು ನಾನು ಎಂದ. ಕ್ಷೌರದವನು ಕನ್ನಡಿ ಒರೆಸುತ್ತಾ ತಲೆಯಾಡಿಸಿದ. ಟೈರಿನಂಗಡಿಯಲ್ಲೂ ಅದೇ ಮಾತು. ನಾನು ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಯಾರ ಮುಖವನ್ನೂ ನೋಡಲಾಗಲಿಲ್ಲ. ಟೀ ಅಂಗಡಿಗೆ ಬರುವಷ್ಟರಲ್ಲಿ ದೊಡ್ಡಪ್ಪ ಬಂದು ಅಪ್ಪನ ಪಕ್ಕ ನಿಂತರು. ಅವನನ್ನು ಕಳ್ಳ ಎಂದು ಕೂಗಿದವನು ನಾನು ಎಂದರು. ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟರು.

ಬೀದಿಯ ಕೊನೆಯ ಮನೆ ಮೆಕ್ಯಾನಿಕ್ಕನ ತಾಯಿಯದು. ಮುದುಕಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಅಪ್ಪ ಅವಳ ಮುಂದೆ ಬಗ್ಗಿ ಮೆಲ್ಲಗೆ ಹೇಳಿದ.

ಅವಳು ಕಿವಿಯ ಹಿಂದೆ ಕೈಯಿಟ್ಟಳು.

"ಕೇಳಿಸಲ್ಲ ಕಣಪ್ಪ. ಬೆಳಿಗ್ಗೆ ನನ್ನ ಮಗನ್ನ ಬೈದದ್ದು ಮಾತ್ರ ಕೇಳಿಸ್ತು. ಅಷ್ಟು ಗಟ್ಟಿಯಾಗಿ ಹೇಳು."

ಅಪ್ಪ ನೆಟ್ಟಗೆ ನಿಂತ. ಬೀದಿಯಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಅಂಗಡಿಗಳ ಬಾಗಿಲಿಗೆ ಜನ ಬಂದಿದ್ದರು. ಅವನು ಉಸಿರು ಎಳೆದುಕೊಂಡು, ಮೊದಲಿನಿಂದ ಕೂಗಿ ಹೇಳಿದ.