ನೆಕ್ಕಬಾರದ ಗೋಡೆ

"ನಿಮ್ಮನೆ ಗೋಡೆ ನೆಕ್ಕಿದ್ರೆ ತಲೆ ಗಿರ್ರ್ ಅನ್ನುತ್ತಂತೆ, ಹೌದೇನೇ?"

ಚಿರಂಜೀವಿ ಕೇಳಿದ್ದೇ ತಡ, ಐದನೇ ಕ್ಲಾಸೆಲ್ಲ ಕಿಸಕ್ಕೆಂದಿತು. ಅವನು ಅಷ್ಟಕ್ಕೇ ಬಿಡಲಿಲ್ಲ. ಬೋರ್ಡಿಗೆ ನಾಲಿಗೆ ಚಾಚಿ, ಕಣ್ಣುಗುಡ್ಡೆ ತಿರುಗಿಸಿ, ಧೊಪ್ಪೆಂದು ಬಿದ್ದು ತೋರಿಸಿದ.

"ಅದು ಗಾಂಜಾ ಅಲ್ಲ ಕಣೋ, ಹೆಂಪು!" ಭುವನಾ ಕಿರುಚಿದಳು. ಯಾರು ಕೇಳುತ್ತಾರೆ? ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿನ ತನಕ "ಗಾಂಜಾ ಗೋಡೆ, ಗಾಂಜಾ ಗೋಡೆ" ಎಂಬ ಕೂಗು ಅವಳ ಬೆನ್ನು ಬಿಡಲಿಲ್ಲ.

ಮನೆಯ ಹಿತ್ತಲಲ್ಲಿ ಶಶಿರೇಖಾ ಅತ್ತೆ ಹೊಸ ರೂಮು ಕಟ್ಟಿಸುತ್ತಿದ್ದಳು. ಅತ್ತೆ ಇಂಜಿನಿಯರು. ಹೆಂಪು ಅಂದರೆ ನಾರಿಗೆ ಬೆಳೆಯುವ ಗಿಡ; ಅದರ ಒಣ ಕಡ್ಡಿಯ ಚೂರಿಗೆ ಸುಣ್ಣ, ನೀರು ಹಾಕಿ ಕಲಸಿ, ಹಲಗೆಗಳ ನಡುವೆ ತುಂಬಿ ತಟ್ಟಿದರೆ ಆಯಿತು ಗೋಡೆ.

"ಅತ್ತೆ, ಒಡೆದ್ಹಾಕು ಇದನ್ನ! ಇಟ್ಟಿಗೇಲಿ ಕಟ್ಟು!"

"ಯಾಕೇ? ಬೇಸಿಗೇಲಿ ತಣ್ಣಗಿರುತ್ತೆ. ಗಾಂಜಾಗೆ ಇದು ನೆಂಟ, ಅಷ್ಟೇ. ಅಮಲು ಗಿಮಲು ಏನೂ ಇಲ್ಲ."

ಜಗಲಿಯ ಮೇಲಿದ್ದ ಪುಟ್ಟಕ್ಕಜ್ಜಿ ಬಾಯಿ ಹಾಕಿತು. "ಅಮಲೇರಂಗಿದ್ರೆ ನಿಮ್ತಾತ ಇಷ್ಟೊತ್ಗೆ ಅರ್ಧ ಗೋಡೆ ತಿಂದ್ಬುಡ್ತಿತ್ತು ಕಣಮ್ಮ!"

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಯಾರೋ ಕೋತಿಯಂತೆ ಕುಣಿಯುತ್ತಿದ್ದರು. ಭುವನಾ ಓಡಿಹೋಗಿ ನೋಡಿದರೆ, ಚಿರಂಜೀವಿ! ಕದ್ದು ಬಂದು ಹಸಿ ಗೋಡೆಗೆ ನಾಲಿಗೆ ಹಚ್ಚಿಬಿಟ್ಟಿದ್ದ.

"ಉಯೀತದೆ... ಉಯೀತದೆ!" ಸುಟ್ಟ ನಾಲಿಗೆಗೆ 'ರ' ಹೊರಳುತ್ತಿರಲಿಲ್ಲ.

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನ ಕಣ್ಣಲ್ಲಿ ದಳದಳ ನೀರು ಇಳಿಯುವುದನ್ನು ಕಂಡದ್ದೇ ನಲ್ಲಿಯ ಹತ್ತಿರ ಎಳೆದೊಯ್ದಳು.

"ಹಸಿ ಸುಣ್ಣ ಕಣೋ ಅದು, ಪೆದ್ದ!" ಅತ್ತೆ ಓಡಿ ಬಂದು ಅವನ ಬಾಯಿಗೆ ನೀರು ಹಾಕಿ ಮುಕ್ಕಳಿಸು ಎಂದಳು, ಮತ್ತೆ ಮತ್ತೆ ಮುಕ್ಕಳಿಸು ಎಂದಳು.

ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿತು. "ಅಮಲು ಏರ್ತೇನ್ಲಾ?"

ಚಿರಂಜೀವಿ ಇಲ್ಲವೆಂದು ತಲೆಯಾಡಿಸಿದ.

ಸೋಮವಾರ ಅವನು ಕ್ಲಾಸಿನಲ್ಲಿ ತುಟಿ ಬಿಚ್ಚಲಿಲ್ಲ. "ಏನೋ ಆಯ್ತು ನಿನ್ನ ಬಾಯಿಗೆ? ಆ ಮಾಡು!" ಎಂದಳು ಪಕ್ಕದ ಬೆಂಚಿನ ಅಶ್ವಿನಿ. ಎಲ್ಲರೂ ಸುತ್ತ ಸೇರಿದರು.

ಭುವನಾ ಎದ್ದು ನಿಂತಳು. ಕುಣಿತ, "ಉಯೀತದೆ", ಅಜ್ಜಿಯ ಮಾತು, ಎಲ್ಲವನ್ನೂ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿಕೊಂಡೇ ಬಂದಿದ್ದಳು.

ಚಿರಂಜೀವಿ ತಲೆ ತಗ್ಗಿಸಿ ತನ್ನ ಶೂಗಳನ್ನೇ ನೋಡುತ್ತಿದ್ದ.

ಶೂನಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಎಲ್ಲರೂ ನಕ್ಕು ಮುಗಿಸುವ ತನಕ ಸುಮ್ಮನೆ ನೋಡುತ್ತಿರಬೇಕು, ಅಷ್ಟೇ. ಭುವನಾಗೆ ಅದು ಗೊತ್ತಿತ್ತು.

"ಬಿಸಿ ಕಾಫಿ ಕುಡಿದನಂತೆ," ಎಂದು ಹೇಳಿ ಕೂತಳು.

ಅಷ್ಟು ಒಳ್ಳೆಯ ಕತೆ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಗಣಿತದ ಪುಸ್ತಕ ತೆರೆದಳು.