ತಾಯಿಯಿಂದ ಮಗಳಿಗೆ

ಹಸೆಮಣೆಯ ಮೇಲೆ ಕೂರಬೇಕಾದವನಿಗೆ ಹೆಣ್ಣನ್ನು ಹಸೆಮಣೆಗೆ ಕರೆತರುವ ಕೆಲಸ ಕೊಟ್ಟರೆ ಯಾವನಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಲೋಕೇಶನಿಗೆ ಉರಿಯಿತು. ಅವನ ಅಕ್ಕ ಜಯಲಕ್ಷ್ಮಮ್ಮ ಸಿಂಧಘಟ್ಟದ ತನ್ನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ, ಏನೋ ದೊಡ್ಡ ಮರ್ಯಾದೆ ಕೊಡುವವಳ ಹಾಗೆ ಹೇಳಿದ್ದಳು: "ನೀನು ಸೋದರಮಾವ ಕಣ್ಲಾ. ಪವಿತ್ರನ್ನ ಹಸೆಗೆ ಕರ್ಕಂಡು ಬರೋನು ನೀನೆಯಾ. ಒಂದು ಒಳ್ಳೆ ಪಂಚೆ ತಕ್ಕೊ."

ಪವಿತ್ರ ಆ ಅಕ್ಕನ ಮಗಳು. ವಯಸ್ಸು ಇಪ್ಪತ್ಮೂರು, ಕೆ.ಆರ್. ಪೇಟೆಯ ಒಂದು ಶಾಲೆಯಲ್ಲಿ ಟೀಚರು. ಲೋಕೇಶನಿಗೆ ಇಪ್ಪತ್ತೊಂಬತ್ತು. ಸೋದರಮಾವನಿಗೆ ಹೆಣ್ಣು ಕೊಡುವುದು ಆ ಕಡೆ ಹೊಸದೇನಲ್ಲ. ಕೇಳಿದರೆ ಇಲ್ಲ ಅನ್ನುವವರಾರು ಎಂದು ಎರಡು ವರ್ಷ ಕೇಳದೆಯೇ ಕೂತಿದ್ದ. ಕೊನೆಗೆ ಕೇಳಿದಾಗ ಅಕ್ಕ, ಭಾವ ಇಬ್ಬರೂ ಹೂಂ ಅಂದರು. ಇಲ್ಲ ಅಂದವಳು ಪವಿತ್ರ. ಅದೂ ಹೇಗೆ? "ಮಾವನ್ನ ನೋಡುದ್ರೆ ನಂಗೆ ನಗು ಬತ್ತದೆ ಕಣವ್ವ" ಅಂದಳಂತೆ. ಕಪ್ಪಗಿದ್ದಾನೆ, ಸಂಬಳ ಸಾಲದು ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ನಗು ಬರುತ್ತದಂತೆ ನಗು! ಪಾಂಡವಪುರದ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ತಾಲ್ಲೂಕಿನ ಅರ್ಧ ಜನರ ರಕ್ತ ತೆಗೆದವನನ್ನು ನೋಡಿದರೆ! ಅವತ್ತೇ ಲೋಕೇಶ ತೀರ್ಮಾನ ಮಾಡಿದ. ಇವಳು ಒಂದು ದಿನ ಅತ್ತುಕೊಂಡು ತನ್ನೆದುರು ನಿಲ್ಲಬೇಕು, ತಾನು ದೊಡ್ಡ ಮನಸ್ಸು ಮಾಡಿ "ಅಳಬೇಡ, ನಾನಿದ್ದೀನಿ" ಅನ್ನಬೇಕು.

ಗೊತ್ತಾದ ಗಂಡು ಬೂಕನಕೆರೆಯ ಮರಿಸ್ವಾಮಿಯ ಮಗ ಚಲುವರಾಜು. ಹಾಲಿನ ಡೈರಿಗಳ ಕಡೆಯಿಂದ ಊರೂರು ತಿರುಗಿ ಹಸುಗಳಿಗೆ ಸೂಜಿ ಹಾಕುವವನು. ಮನುಷ್ಯರಿಗೆ ಸೂಜಿ ಹಾಕುವ ತನ್ನನ್ನು ಬಿಟ್ಟು ದನಕ್ಕೆ ಸೂಜಿ ಹಾಕುವವನನ್ನು ಒಪ್ಪಿದಳಲ್ಲ ಎಂಬುದು ಲೋಕೇಶನಿಗೆ ಇನ್ನೊಂದು ಅವಮಾನ.

ಅದು ತೊಂಬತ್ತೇಳನೇ ಇಸವಿ. ಹೆಪಟೈಟಿಸ್ ಬಿ ಎಂಬ ಕಾಮಾಲೆ ವೈರಸ್ಸಿನ ಹೆದರಿಕೆ ಊರೂರಿಗೂ ಹಬ್ಬಿತ್ತು. ಎಲ್ಲೆಲ್ಲೂ ಲಸಿಕೆ ಶಿಬಿರ, ಗೋಡೆಗಳ ಮೇಲೆಲ್ಲ ಹಳದಿ ಕಣ್ಣಿನ ಚಿತ್ರ. ಲೋಕೇಶ ಮೊದಲು ಮಾಡಿದ್ದು ಇಷ್ಟೇ: ಮದುವೆ ಕುದುರಿಸಿದ ದಲ್ಲಾಳಿ ಕುಳ್ಳಯ್ಯನಿಗೆ ಪಾಂಡವಪುರದ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಮೈಸೂರಿನವರೆಲ್ಲ ಈಗ ಜಾತಕಕ್ಕಿಂತ ಮುಂಚೆ ರಕ್ತ ನೋಡುತ್ತಾರೆ ಎಂದು ಹೇಳಿದ. ಕುಳ್ಳಯ್ಯನ ಹೊಟ್ಟೆಯಲ್ಲಿ ಇಡ್ಲಿ ನಿಂತರೂ ಮಾತು ನಿಲ್ಲುವುದಿಲ್ಲ. ಮೂರನೇ ದಿನಕ್ಕೆ ಮರಿಸ್ವಾಮಿಯೇ ಹೇಳಿಕಳಿಸಿದ: ಎರಡೂ ಮನೆಯವರು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಲೋಕೇಶ ಕೆರಳಿ ಕೂಗಾಡಿದ. "ನಮ್ಮೋರ ಮ್ಯಾಲೆ ಅನುಮಾನ ಪಡ್ತಾವ್ರಾ? ಬ್ಯಾಡ ಬುಡು ಭಾವ ಈ ಸಂಬಂಧ!" ಭಾವ ಜವರಯ್ಯನೇ ಅವನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು. ಬೇರೆ ದಾರಿ ಕಾಣದವನಂತೆ ಲೋಕೇಶ ಒಪ್ಪಿಕೊಂಡ.

ಲ್ಯಾಬು ಶ್ರೀರಂಗಪಟ್ಟಣದ ಡಾಕ್ಟರ್ ಶ್ರೀಕಂಠಯ್ಯನವರದು. ಅವರು ದಿನಾ ಹನ್ನೊಂದಕ್ಕೆ ಬಸ್ಸಿಳಿದು ಬಂದು, ಕನ್ನಡಕ ಒರೆಸಿಕೊಂಡು, ಲೋಕೇಶ ಸಾಲಾಗಿ ಜೋಡಿಸಿಟ್ಟಿದ್ದನ್ನು ಕಣ್ಣಾರೆ ನೋಡಿ ಸಹಿ ಹಾಕುವವರು. ನೋಡದೆ ಸಹಿ ಹಾಕುವ ಜನ ಅಲ್ಲ. ಲೋಕೇಶನಿಗೆ ಬೇಕಾಗಿದ್ದುದೂ ಅಂಥವರೇ. ಸುಳ್ಳು ರಿಪೋರ್ಟು ಬರೆದು ಸಿಕ್ಕಿಬೀಳುವವರು ದಡ್ಡರು; ಅವನು ಒಂದಕ್ಷರ ಸುಳ್ಳು ಬರೆಯುವವನಲ್ಲ. ಪರೀಕ್ಷೆಯ ಪಟ್ಟಿಯ ಮೇಲೆ ರಕ್ತದ ತಿಳಿ ಹನಿಸಿದರೆ, ವೈರಸ್ ಇಲ್ಲದವರಿಗೆ ಒಂದು ಗೆರೆ ಮೂಡುತ್ತದೆ, ಇದ್ದವರಿಗೆ ಎರಡು. ಪಟ್ಟಿ ಕೆಲಸ ಮಾಡುತ್ತದೋ ಇಲ್ಲವೋ ನೋಡಿಕೊಳ್ಳಲೆಂದು ಅದರ ಜೊತೆಗೇ ವೈರಸ್ಸಿನ ಅಂಶವಿರುವ, ಕೆಂಪು ಮುಚ್ಚಳದ ಒಂದು ಪುಟ್ಟ ಸೀಸೆ ಬರುತ್ತಿತ್ತು. ಅದರ ಎರಡು ಹನಿ ಬಿದ್ದರೆ ಕಲ್ಲಿನ ಬಸವಣ್ಣನಿಗೂ ಎರಡು ಗೆರೆ ಗ್ಯಾರಂಟಿ.

ಆ ಹನಿ ಯಾರಿಗೆ ಬೀಳಬೇಕು ಎಂಬುದರಲ್ಲೇ ಅವನ ಜಾಣತನವೆಲ್ಲ ಇದ್ದದ್ದು. ಪವಿತ್ರ ಒಬ್ಬಳಿಗೇ ಬಂದರೆ ಜನ ಎಲ್ಲಿಂದ ಬಂತು ಅಂತ ಕೇಳುತ್ತಾರೆ, ನಾಲಿಗೆ ಎಲ್ಲೆಲ್ಲಿಗೋ ಹೋಗುತ್ತದೆ. ನಾಳೆ ತನ್ನ ಹೆಂಡತಿಯಾಗುವವಳ ಬಗ್ಗೆ ಅಂಥ ಮಾತು ಬೇಡ. ಮನೆಮಂದಿಗೆಲ್ಲ ಬಂದರೆ ಪಟ್ಟಿಯೇ ಕೆಟ್ಟಿದೆ ಅನ್ನುತ್ತಾರೆ. ತಾಯಿಗೂ ಮಗಳಿಗೂ ಬಂದರೆ? ಅದು ವಿಜ್ಞಾನ. ಹೆರಿಗೆಯಲ್ಲಿ ತಾಯಿಯಿಂದ ಇಳಿಯುವ ವೈರಸ್ ಅದು, ಯಾವ ಡಾಕ್ಟರೂ ತಲೆಯಾಡಿಸುತ್ತಾನೆ. ಎತ್ತಿ ಆಡಿಸಿದ ಅಕ್ಕನ ರಕ್ತಕ್ಕೂ ಹನಿ ಬಿಡಬೇಕಲ್ಲ ಎಂದು ಅವನಿಗೆ ಬೇಜಾರಾಯಿತು. ಆ ಬೇಜಾರು ರಕ್ತದಿಂದ ತಿಳಿ ಬೇರೆ ಮಾಡುವ ಸೆಂಟ್ರಿಫ್ಯೂಜು ಗಿರ್ರನೆ ತಿರುಗಿ ನಿಲ್ಲುವವರೆಗೂ ಇತ್ತು. ಆಮೇಲೆ ಹನಿ ಬಿಟ್ಟ.

ಬೂಕನಕೆರೆಯವರಿಗೆಲ್ಲ ಒಂದೊಂದು ಗೆರೆ. ಜವರಯ್ಯನಿಗೂ ಒಂದೇ. ಅಕ್ಕನಿಗೆ, ಪವಿತ್ರಳಿಗೆ ಎರಡೆರಡು. ಡಾಕ್ಟರು ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅಯ್ಯೋ ಪಾಪ, ನಿಮ್ಮ ಅಕ್ಕನೇ ಅಲ್ವೇನಯ್ಯ?" ಎಂದು ನೊಂದುಕೊಂಡು ಸಹಿ ಮಾಡಿದರು. ಲೋಕೇಶ ಕರ್ಚೀಫು ಕಣ್ಣಿಗೊತ್ತಿಕೊಂಡ.

ಸಿಂಧಘಟ್ಟದಲ್ಲಿ ರಿಪೋರ್ಟನ್ನು ಯಾರೂ ನಂಬಲಿಲ್ಲ.

"ನಂಗೇನ್ಲಾ ಆಗದೆ?" ಅಂದಳು ಜಯಲಕ್ಷ್ಮಮ್ಮ. "ಮೂರು ಅಸ ಕರೀತೀನಿ, ಎಲ್ಡು ಮುದ್ದೆ ಉಣ್ತೀನಿ. ಕಾಮಾಲೆಯೋರು ಇಂಗಿರ್ತಾರಾ?"

ಜವರಯ್ಯನ ಅನುಮಾನ ಇನ್ನೂ ಗಟ್ಟಿ. ಮೂವತ್ತು ವರ್ಷ ಡೈರಿಗೆ ಹಾಲು ಹಾಕಿದವನು ಅವನು. ಅಳೆಯುವ ಯಾವ ಯಂತ್ರವನ್ನೂ ನಂಬುವವನಲ್ಲ. "ಒಂದೇ ಅಸಿನ ಆಲು ಕಣ್ಲಾ, ಬೆಳಿಗ್ಗೆ ನಾಕು ಫ್ಯಾಟು ಅಂತದೆ, ಸಂಜಿಕೆ ಮೂರು ಅಂತದೆ. ಆ ಮಿಷಿನ್ನಿಗೆ ಇದು ಅಣ್ಣನೋ ತಮ್ಮನೋ ಇರ್ಬೇಕು. ಇನ್ನೊಂದ್ ಕಡೆ ನೋಡ್ಸು."

"ನಂಗೂ ನಂಬ್ಕೆ ಇಲ್ಲ" ಅಂದಳು ಪವಿತ್ರ, ರಿಪೋರ್ಟನ್ನು ಎರಡನೇ ಸಲ ಓದುತ್ತಾ.

ಇದಕ್ಕೇ ಅವನು ಕಾದಿದ್ದ. ಇಡೀ ಯೋಜನೆಯಲ್ಲಿ ಅವನಿಗೆ ಅತಿ ಇಷ್ಟವಾದ ಭಾಗ ಇದು. "ನಾನೇ ಮೈಸೂರಿಗೆ ತಕ್ಕಂಡೋಯ್ತೀನಿ" ಅಂದ. "ನನ್ನ ಲ್ಯಾಬಿನ ಮಾತು ನಂಬಬ್ಯಾಡಿ, ದೊಡ್ಡ ಲ್ಯಾಬಿನ ಮಾತಾದ್ರೂ ನಂಬ್ತೀರೋ ಇಲ್ವೋ?" ಅಲ್ಲೇ ಜಗಲಿಯ ಮೇಲೆ, ಎಲ್ಲರೆದುರು ಹೊಸದಾಗಿ ರಕ್ತ ತೆಗೆದ. ಲ್ಯಾಬಿಗೆ ಬಂದು ತಿಳಿ ಬೇರೆ ಮಾಡಿ ಎರಡು ಸೀಸೆಗಳಿಗೆ ತುಂಬಿದ, ಕೆಂಪು ಮುಚ್ಚಳದ ಸೀಸೆಯನ್ನು ಎರಡಕ್ಕೂ ಬಗ್ಗಿಸಿದ, ಬಸ್ಸು ಹತ್ತಿದ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಕೈಮುಗಿದು ರಂಗನಾಥನಲ್ಲಿ ಕ್ಷಮೆಯನ್ನೂ ಕೇಳಿಬಿಟ್ಟ, ಮುಂದೆ ಪುರುಸೊತ್ತು ಆಗುತ್ತದೋ ಇಲ್ಲವೋ ಎಂದು. ಮೈಸೂರಿನವರು ಎರಡು ದಿನಕ್ಕೆ ಅಚ್ಚುಕಟ್ಟಾಗಿ ಟೈಪು ಮಾಡಿ ಕೊಟ್ಟರು. ಅದೇ ಫಲಿತಾಂಶ.

ಆಮೇಲೆ ಮನೆಯ ಗಾಳಿಯೇ ಬದಲಾಯಿತು. ಬೂಕನಕೆರೆಯಿಂದ ಮರಿಸ್ವಾಮಿ ಮಗನನ್ನು ಕರೆದುಕೊಂಡು ಬಂದು, ಚಾಪೆಯ ತುದಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ ಕೇಳಿದ: "ತಪ್ಪು ತಿಳ್ಕಬ್ಯಾಡಿ. ಇದು ನಿಮ್ ಮನೆಗೆ ಬಂದುದ್ದಾದ್ರೂ ಎಲ್ಲಿಂದ?"

ಈ ಪ್ರಶ್ನೆಗೆ ಲೋಕೇಶ ವಾರದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. ಎದ್ದು ನಿಂತ. "ನಮ್ಮವ್ವ ದ್ಯಾವಮ್ಮ ಓದಳಲ್ಲ, ಎಂಟು ವರ್ಸದ ಇಂದೆ. ಕೊನೇ ದಿನ ಅವಳ ಕಣ್ಣು ಎಂಗಿತ್ತು, ಯಾರಾದ್ರೂ ನೆಪ್ಪು ಮಾಡ್ಕಂಡಿದ್ದೀರಾ? ಅರಿಸಿನ!"

ದ್ಯಾವಮ್ಮ ಸತ್ತದ್ದು ಬಚ್ಚಲಲ್ಲಿ ಜಾರಿಬಿದ್ದು. ಆದರೆ ಅವನು ಹೇಳಿದ ಮೇಲೆ ಎಲ್ಲರಿಗೂ ಹಳದಿ ಕಣ್ಣು ನೆನಪಾಯಿತು. ಯಂತ್ರವನ್ನು ನಂಬದ ಜವರಯ್ಯನಿಗಂತೂ ಅತ್ತೆಯ ಅಂಗಾಲು, ಉಗುರು ಕೂಡ ಹಳದಿಯಾಗಿದ್ದದ್ದು ನೆನಪಾಗಿಬಿಟ್ಟಿತು.

"ಇದು ತಾಯಿಂದ ಮಗಳಿಗೆ ಬರೋದು" ಎಂದು ಲೋಕೇಶ ಮುಗಿಸಿದ. "ಓಲೆ, ಮೂಗುಬೊಟ್ಟು ಬರ್ತವಲ್ಲ, ಅಂಗೆ. ಅವ್ವನಿಂದ ಅಕ್ಕಂಗೆ, ಅಕ್ಕನಿಂದ ಪವಿತ್ರಂಗೆ. ಯಾರ ತಪ್ಪೂ ಇಲ್ಲ."

ಎಷ್ಟು ಚೆನ್ನಾಗಿ ಹೇಳಿದೆ ಎಂದು ಅವನಿಗೇ ಅನಿಸಿತು. ಮರಿಸ್ವಾಮಿ ಟವೆಲು ಕೊಡವಿಕೊಂಡು ಎದ್ದ. ಚಲುವರಾಜು ಮಾತ್ರ ಬಾಗಿಲ ಹತ್ತಿರ ನಿಂತು ಪವಿತ್ರಳ ಕಡೆ ನೋಡುತ್ತಿದ್ದ, ಅಪ್ಪ ಎರಡು ಸಲ ಕರೆಯಬೇಕಾಯಿತು. ಮದುವೆ ಮುರಿಯಿತು.

ಪವಿತ್ರಳಿಗೆ ಶಾಲೆಯವರು ಸ್ವಲ್ಪ ದಿನ ರಜೆಯಲ್ಲಿರಿ ಅಂದರು. ಜಯಲಕ್ಷ್ಮಮ್ಮ ತನಗೇ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡಳು. ಪಕ್ಕದ ಮನೆಯ ಮಗು ತೆವಳಿಕೊಂಡು ಬಂದರೆ ಎತ್ತಿಕೊಳ್ಳದೆ ಸೆರಗು ಬಾಯಿಗೆ ಹಿಡಿದು ಹಿಂದೆ ಸರಿಯುತ್ತಿದ್ದಳು. ಗೂಟದ ಹತ್ತಿರ ಬೋರಲು ಹಾಕಿದ್ದ ಆ ಒಂಟಿ ಲೋಟ ಕಂಡು ಲೋಕೇಶ ಮುಖ ಆ ಕಡೆ ತಿರುಗಿಸಿಕೊಂಡ. ಮದುವೆಯಾದ ಮಾರನೇ ತಿಂಗಳೇ ಮೂರನೇ ಪರೀಕ್ಷೆ ಮಾಡಿ, ವಾಸಿಯಾಯಿತು ಎಂದು ತಾನೇ ಆ ಲೋಟ ಎತ್ತಿಡುತ್ತೇನೆ ಎಂದು ಸಮಾಧಾನ ಮಾಡಿಕೊಂಡ. ಆಗ ಊರೇ ಅವನನ್ನು ದೇವರು ಅನ್ನುತ್ತದೆ.

ಹದಿನೈದು ದಿನ ಬಿಟ್ಟ. ಜಾಸ್ತಿ ಅವಸರ ಮಾಡಿದರೆ ಆಸೆ ಅನ್ನುತ್ತಾರೆ, ಜಾಸ್ತಿ ತಡ ಮಾಡಿದರೆ ಬೇರೆ ಯಾವನಾದರೂ ದೊಡ್ಡ ಮನಸ್ಸಿನವನು ಬಂದುಬಿಡಬಹುದು. ಮಾತುಗಳನ್ನು ಲ್ಯಾಬಿನ ಫ್ರಿಜ್ಜಿನ ಎದುರು ನಿಂತು ಅಭ್ಯಾಸ ಮಾಡಿದ. ಅಷ್ಟರಲ್ಲಿ ಅಕ್ಕನೇ ಹೇಳಿಕಳಿಸಿದಳು: ಭಾನುವಾರ ತಪ್ಪದೆ ಬಾ, ಮುಖ್ಯವಾದ ಮಾತಿದೆ. ಲೋಕೇಶ ಗೆದ್ದೆ ಅಂದುಕೊಂಡ. ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಸಿಂಧಘಟ್ಟದಲ್ಲಿ ಇಳಿದ. ಕೊಟ್ಟಿಗೆ ಮುಂದೆ ಒಂದು ಮೋಟಾರು ಬೈಕು ನಿಂತಿತ್ತು. ಡೈರಿಯವರು ಯಾರೋ ಬಂದಿರಬೇಕು ಎಂದು ಅದರತ್ತ ನೋಡದೆ ಒಳಗೆ ಹೋದ.

ಅಕ್ಕ, ಭಾವ, ಪವಿತ್ರ ಮೂವರೂ ಪಡಸಾಲೆಯಲ್ಲಿದ್ದರು. ಅವರಿಗೆ ಬಾಯಿಬಿಡಲು ಅವಕಾಶ ಕೊಡದೆ ಅವನೇ ಶುರುಮಾಡಿದ.

"ಅಕ್ಕ, ಭಾವ, ನೀವು ಕೇಳೋ ಮುಂಚೆ ನಾನೇ ಏಳ್ತೀನಿ. ಲೋಕ ಕೈಬುಟ್ಟಿರ್ಬೋದು, ನಾನು ಕೈಬುಡಲ್ಲ. ಲಸಿಕೆ ಆಕಿಸ್ಕತೀನಿ. ಪವಿತ್ರನ್ನ ನಾನೇ ಮದ್ವೆ ಆಯ್ತೀನಿ."

ಜವರಯ್ಯ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತ. ಪವಿತ್ರ ತಲೆ ತಗ್ಗಿಸಿದಳು. "ನಿಮ್ಮನ್ನ ನೋಡಿ ನಗಬಾರದಿತ್ತು ಮಾವ" ಅಂದಳು, ಕಣ್ಣು ಒರೆಸಿಕೊಳ್ಳುತ್ತಾ. ಲೋಕೇಶನಿಗೆ ಮೈಯೆಲ್ಲ ಜುಮ್ಮೆಂದಿತು. ಅಂದುಕೊಂಡಂತೆಯೇ ಆಗಿತ್ತು, ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ.

ಆದರೆ ಜಯಲಕ್ಷ್ಮಮ್ಮ ಮಾತ್ರ ತಮ್ಮನ ತಲೆ ಸವರಿ ಬಿಕ್ಕತೊಡಗಿದಳು. "ನಿನ್ನಂಥೋನು ಯಾರಿಗೆ ಸಿಕ್ತಾನ್ಲಾ! ನಮ್ಮ ಚಿಂತೇಲಿ ನಿನ್ನ ಒಬ್ರೂ ವಿಚಾರಿಸ್ಲಿಲ್ಲ. ಮೊನ್ನೆ ಇಡೀ ಅದೇ ಸಂಕಟ ಆಗಿ, ಶ್ರೀರಂಗಪಟ್ಟಣಕ್ಕೋಗಿ ಡಾಕ್ಟ್ರ ಕಾಲಿಗೆ ಬಿದ್ದೆ, ನನ್ ತಮ್ಮನ್ನ ಉಳಿಸ್ಕೊಡಿ ಅಂತ." ಹಿತ್ತಲ ಬಾಗಿಲಿಂದ ಶ್ರೀಕಂಠಯ್ಯನವರು ಕೈ ತೊಳೆದುಕೊಂಡು ಒಳಗೆ ಬಂದರು, ಹಿಂದೆ ಅವರ ಚೀಲ ಹಿಡಿದುಕೊಂಡು, ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ ಚಲುವರಾಜು. "ಮೊದಲು ನೀನು ಕೂತ್ಕೊಳ್ಳಯ್ಯ" ಅಂದರು ಡಾಕ್ಟರು, ಚೀಲದಿಂದ ಮೂರು ಸಿರಿಂಜು ತೆಗೆಯುತ್ತಾ. "ಆಮೇಲೆ ನಿಮ್ಮಕ್ಕ, ಆಮೇಲೆ ಈ ಹುಡುಗಿ. ಮೂವರದ್ದೂ ನಾನೇ ತೆಗೆದು, ನಾನೇ ತಗೊಂಡು ಹೋಗಿ, ನಾನೇ ನೋಡ್ತೀನಿ. ನೀನು ಯಾವುದನ್ನೂ ಮುಟ್ಟಬೇಡ, ನೀನೂ ಪೇಷೆಂಟು ಈಗ." ತನ್ನ ಕೈ ಸೋಕದ ಮೂರು ಸೀಸೆ, ಮೂರಕ್ಕೂ ಒಂದೊಂದೇ ಗೆರೆ; ಲೋಕೇಶನಿಗೆ ಅವು ಕಣ್ಣೆದುರೇ ಮೂಡಿದವು. "ನಂಗ್ಯಾಕೆ ಸಾರ್? ಅದು ತಾಯಿಂದ ಮಗಳಿಗೆ..." ಎಂದು ತೊದಲಿದ. ಅಕ್ಕ ಅವನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಿಸುತ್ತಾ, ಮಗುವಿಗೆ ಹೇಳುವ ಹಾಗೆ ಹೇಳಿದಳು: "ಅದ್ಯಾಕಪ್ಪ ಅಂಗಂತೀಯ? ಗಂಡುಮಗ ಅಂತ ನೀನೇನು ಬ್ಯಾರೆ ಒಟ್ಟೇಲಿ ಉಟ್ಟಿದ್ದೇನ್ಲಾ?"